ಹದ್ದಿನ ಗೂಡಿನಲ್ಲಿ ಕರವಸ್ತ್ರ

ಟಪ್ ಎಂದಿತಂತೆ. ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆದಷ್ಟೇ ಸದ್ದು. ರಾತ್ರಿ ಹನ್ನೊಂದರ ಮೇಲಾಗಿತ್ತು ಎಂದು ದೂರುದಾರಳು ಹೇಳಿದಳು. ಬಾಡಿಗೆ ಮನೆಗಳ ಕಟ್ಟಡವೊಂದರಲ್ಲಿ ಗುಡಿಸಿ ಒರೆಸುವ ಕೆಲಸ ಅವಳದು. ತಾರಸಿಯ ಕೋಣೆಯಲ್ಲೇ ವಾಸ. ಬೆಳಿಗ್ಗೆ ನೋಡಿದರೆ ನೀರಿನ ಟ್ಯಾಂಕಿನ ಬುಡದಲ್ಲಿ ಹದ್ದು ಸತ್ತುಬಿದ್ದಿತ್ತು.

"ಹಕ್ಕಿ ಸತ್ತಿದ್ದಕ್ಕೆ ಸ್ಟೇಷನ್ನಾ?" ಎಂದ ಪೇದೆ.

"ಅದನ್ನೂ ನನ್ನ ತಲೆಗೇ ಕಟ್ತಾರೆ ಸಾರ್. ಆಗಲೇ ಓಣಿಗೆಲ್ಲ ಕಳ್ಳಿ ಆಗಿದ್ದೀನಿ. ಪಕ್ಕದ ಲಾಂಡ್ರಿ ನಮ್ಮಣ್ಣಂದು, ಮೊದಲು ಅಲ್ಲೇ ಕೆಲಸಕ್ಕಿದ್ದೆ. ಗಿರಾಕಿಗಳ ಬಟ್ಟೆ ಕಾಣೆಯಾದ್ವು ಅಂತ ಆಚೆ ಹಾಕ್ದ."

ಮಹಿಳಾ ಇನ್‌ಸ್ಪೆಕ್ಟರ್ ತಲೆಯೆತ್ತಿದರು. ಅಳದೆ ಮಾತಾಡುವವರನ್ನು ಕಂಡರೆ ಅವರಿಗೆ ಒಳಗೊಳಗೇ ಕಳವಳ. ವನ್ಯಜೀವಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಪಶುವೈದ್ಯರು ಹದ್ದಿನ ಎದೆಯಿಂದ ಏರ್‌ಗನ್ನಿನ ಸೀಸದ ಗುಂಡು ತೆಗೆದುಕೊಟ್ಟರು.

ಮಧ್ಯಾಹ್ನ ತಾರಸಿಯಲ್ಲಿ ಪಂಚನಾಮೆ. ಟ್ಯಾಂಕಿನ ಮೇಲಿನ ಗೂಡು ನೋಡಲು ಪೇದೆ ಏಣಿ ಹತ್ತಿದ್ದೇ ತಡ, ಸತ್ತ ಹದ್ದಿನ ಜೋಡಿಹದ್ದು ಎರಗಿ ಟೋಪಿ ಉರುಳಿಸಿತು.

"ಸರ್ಕಾರಿ ಸ್ವತ್ತಿಗೆ ಹಾನಿ, ಬರ್ಕೊಳ್ಳಿ ಮೇಡಂ!"

"ಗೂಡಲ್ಲೇನಿದೆ ಹೇಳು."

"ಎರಡು ಮರಿ. ಮತ್ತೆ... ಬಟ್ಟೆ."

ಕಡ್ಡಿಗಳ ನಡುವೆ ದಿಂಬಿನ ಚೀಲ, ಮಗುವಿನ ಕಾಲುಚೀಲ, ಕರವಸ್ತ್ರಗಳು. ಪ್ರತಿಯೊಂದರ ಮೂಲೆಯಲ್ಲೂ ಶಾಯಿಯ ಗುರುತು.

"ಕದ್ದ ಮಾಲು ಬಚ್ಚಿಡೋಕೆ ಒಳ್ಳೇ ಜಾಗ," ಎಂದು ಪೇದೆ ಅವಳತ್ತ ನೋಡಿದ.

"ಬಟ್ಟೆ ಎಳ್ಕೊಂಡು ಹೋಗಿ ಗೂಡಿಗೆ ಹಾಸೋದು ಹದ್ದಿನ ಚಾಳಿ. ಡಾಕ್ಟ್ರು ಬೆಳಿಗ್ಗೇನೇ ಹೇಳಿದ್ರು," ಎಂದರು ಇನ್‌ಸ್ಪೆಕ್ಟರ್. ಕರವಸ್ತ್ರವನ್ನು ಅವಳ ಮುಂದೆ ಹಿಡಿದರು. "ಈ ಗುರುತು?"

"ಲಾಂಡ್ರಿದು. ನಾನೇ ಹಾಕಿದ್ದು."

"ಕಾಣೆಯಾದವು?"

"ಇವೇ."

ಲಾಂಡ್ರಿಯ ತಾರಸಿಯಿಂದ ಗೂಡು ನೇರ ಕಾಣುತ್ತಿತ್ತು; ರಾತ್ರಿ ಬೀದಿದೀಪದ ಬೆಳಕೂ ಬೀಳುವ ಜಾಗ. ಗಂಜಿಪುಡಿಯ ಡ್ರಮ್ಮಿನ ಹಿಂದೆ ಏರ್‌ಗನ್ ಸಿಕ್ಕಿತು. ಗುಂಡುಗಳೂ ಅದೇ ಅಳತೆಯವು. ಸಂಜೆ ಅಣ್ಣನನ್ನು ಕೂರಿಸಿಕೊಂಡು ವಿಚಾರಣೆ.

"ಹದ್ದು ಬಟ್ಟೆ ಒಯ್ಯೋದನ್ನ ಯಾವಾಗ ನೋಡಿದೆ?"

"ಹೋದ ವಾರ."

"ತಂಗಿ ಕದ್ದಿಲ್ಲ ಅಂತ ಆಗಲೇ ಗೊತ್ತಾಯ್ತು."

"ಗೊತ್ತಾಯ್ತು."

"ಬಟ್ಟೆ ಒಣಹಾಕೋ ಹಗ್ಗದ ಮೇಲೊಂದು ಬಲೆ ಕಟ್ಟಿದ್ರೆ ಅದು ಬರ್ತಾನೇ ಇರ್ಲಿಲ್ಲ ಅಂತಾರೆ ಡಾಕ್ಟ್ರು."

"ನಂಗ್ಯಾರೂ ಹೇಳ್ಲಿಲ್ಲ."

"ನೀನು ಕೇಳಿದ್ಯಾ?"

ಅವನು ಬೆರಳಿನ ಸುಟ್ಟ ಕಲೆ ಸವರಿಕೊಂಡ. "ಎಲ್ಲರೆದುರು ಅವಳ ಜುಟ್ಟು ಹಿಡಿದು ನೂಕಿದ್ದೆ ಮೇಡಂ. ಯಾವ ಮುಖ ಇಟ್ಕೊಂಡು ಹೋಗ್ಲಿ? ಆ ಗೂಡು ನೋಡಿದಾಗೆಲ್ಲ ಮೈ ಉರೀತಿತ್ತು."

"ಅದಕ್ಕೆ ಹದ್ದಿಗೆ ಹೊಡೆದೆ."

"ಅದು ತಿರುಗಿ ಏನೂ ಕೇಳಲ್ಲವಲ್ಲ."

ಬಂಧನದ ಕಾಗದಕ್ಕೆ ಅವನು ಸಹಿ ಹಾಕಿದ. ಹೊರಗಿನ ಬೆಂಚಿನಲ್ಲಿದ್ದ ತಂಗಿಗೆ ಬಾಗಿಲ ಸಂದಿಯಿಂದ ಎಲ್ಲವೂ ಕೇಳಿಸಿತ್ತು. ಮರಿಗಳಿಗೆ ಜೋಡಿಹದ್ದು ಆಹಾರ ತರುತ್ತಿದೆ, ಬದುಕಬಹುದು ಎಂದು ಇನ್‌ಸ್ಪೆಕ್ಟರ್ ತಿಳಿಸಿದರು.

"ಇನ್ನೇನಕ್ಕಾ," ಎಂದ ಪೇದೆ, "ಓಣಿಯಲ್ಲಿ ತಮಟೆ ಹೊಡ್ಕೊಂಡು ಹೋಗು, ಕಳ್ಳಿ ನಾನಲ್ಲ ಅಂತ."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ನಾನು ಯಾರಿಗೂ ಹೇಳಲ್ಲ ಸಾರ್. ನೀವೂ ಹೇಳ್ಬೇಡಿ. ಕಳ್ಳಿ ಅಂದಿದ್ದು ಅವನ ಬಾಯಿ, ಅಲ್ಲ ಅನ್ನೋದೂ ಅದೇ ಬಾಯಿಂದ ಬರ್ಲಿ."