ಜೀಪಿನ ಪಾವಟಿಗೆ ಬಿಚ್ಚಿಸಲು ಹೋದದ್ದು

ಬೆಟಗೇರಿಯಲ್ಲಿ ಗ್ಯಾರೇಜುಗಳಿಗೇನು ಬರವಿಲ್ಲ. ಆದರೂ ನಾನು ಮುಂಡರಗಿಯಿಂದ ಹೊರಟವಳು ನೆಟ್ಟಗೆ ಅಯ್ಯೂಬ ಚಾಚಾನ ಗ್ಯಾರೇಜಿಗೇ ಜೀಪು ತಂದು ನಿಲ್ಲಿಸಿದೆ. ಶಿವಯೋಗಿ ಕೆಲಸ ಮಾಡುವುದು ಅಲ್ಲಿಯೇ. ಅವನ ಕೈಯಿಂದಲೇ ಬಿಚ್ಚಿಸಬೇಕು, ಬಿಚ್ಚುವಾಗ ಅವನ ಮುಖ ನೋಡಬೇಕು ಎಂಬ ಹಟ ನನಗಿತ್ತು.

ಅವನು ಯಾವುದೋ ಗಾಡಿಯ ಬಾನೆಟ್ಟಿನೊಳಗಿಂದ ತಲೆ ಎತ್ತಿದ. ನನ್ನನ್ನು ಕಂಡು ಕಣ್ಣು ಮೊದಲಿನ ಹಾಗೆಯೇ ಅರಳಿತು. ಅರಳಿದ್ದು ಅವನಿಗೇ ಗೊತ್ತಾಗಿ ಮುಖ ಗಂಟಿಕ್ಕಿಕೊಂಡ.

“ಬರ್ರಿ ಅಕ್ಕಾರ. ಏನಾಗೇತಿ ಗಾಡಿಗೆ?”

ಅಕ್ಕಾರ! ಹೋದ ವರ್ಷ ನನ್ನನ್ನು ಕನ್ಯೆ ನೋಡಲು ಬಂದವನು ಈಗ ಅಕ್ಕ ಅನ್ನುತ್ತಾನೆ. ಮೈಯೆಲ್ಲ ಉರಿದುಹೋಯಿತು.

“ಗಾಡಿಗೆ ಏನೂ ಆಗಿಲ್ರಿ ಮಿಸ್ತ್ರಿ. ಹಿಂದಿನ ಹುಕ್ಕು ಬಿಚ್ರಿ. ಪಾವಟಿಗಿನೂ ಬಿಚ್ರಿ.”

ಎರಡನ್ನೂ ಹಾಕಿದವನು ಅವನೇ. ನಾನು ದಿನಾ ಬೆಳಿಗ್ಗೆ ಹೆಣ್ಣಾಳುಗಳನ್ನು ಉಳ್ಳಾಗಡ್ಡಿ, ಮೆಣಸಿನಕಾಯಿ ಹೊಲಗಳಿಗೆ ಕರೆದೊಯ್ಯುತ್ತೇನೆ. ಆ ಎರೆಮಣ್ಣಿನ ದಾರಿಗೆ ಜೀಪೇ ಆಗಬೇಕು. ಹಿಂದೆ ಚೀಲ ತುಂಬಿದ ಸಣ್ಣ ಟ್ರಾಲಿ ಎಳೆಯಲು ಹುಕ್ಕು, ಹೆಂಗಸರು ಹತ್ತಲು ಪಾವಟಿಗೆ. ಸೀರೆ ಸಿಕ್ಕಿಕೊಳ್ಳಬಾರದೆಂದು ಅವನು ಪಾವಟಿಗೆಯ ಅಂಚನ್ನೆಲ್ಲ ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದ್ದ. ಅಂಚು ಸವರುತ್ತ ನನ್ನನ್ನೇ ನೋಡುತ್ತಿದ್ದ. ನಾನೂ ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಸುಳ್ಳು ಹೇಳಿ ಮತ್ತೆ ಮತ್ತೆ ಬರುತ್ತಿದ್ದೆ.

ಆಮೇಲೆ ಬಾಳೆಹೊಸೂರಿನಿಂದ ಅವನ ಅವ್ವ ಶಾರದವ್ವ, ಹಿರಿಯರು ಎಲ್ಲ ನಮ್ಮ ಮನೆಗೆ ಬಂದರು. ನನ್ನನ್ನು ನೋಡಿದರು, ಉಪ್ಪಿಟ್ಟು ತಿಂದರು, ಚಹಾ ಕುಡಿದು ಎದ್ದು ಹೋದರು. ಹೋದವರಿಂದ ಒಂದು ಖಬರೂ ಬರಲಿಲ್ಲ. ತಿಂಗಳು ಕಾದು ಅವನ ನಂಬರ್ ಬ್ಲಾಕ್ ಮಾಡಿದೆ.

“ಯಾಕ ಬಿಚ್ಚಬೇಕ್ರಿ?” ಎಂದ.

“ಶಿರಹಟ್ಟಿ ಗಂಡಿನವರಿಗೆ ಅದು ಚಂದ ಕಾಣಂಗಿಲ್ಲಂತ. ಭಾನುವಾರ ಸಕ್ಕರಿ ಕಾರ್ಯ ಐತಿ, ಮದುವಿ ಗಟ್ಟಿ ಆಗತೈತಿ. ಮದುವಿ ಆದಮ್ಯಾಲೆ ಆಳು ಹೇರೂದು ಬ್ಯಾಡ, ಜೀಪು ಮನಿ ಮಟ್ಟಿಗೆ ಇರಲಿ ಅಂದಾರ.”

“ನೀವು ಹೂಂ ಅಂದ್ರಿ?”

“ಅದನ್ನ ಕಟಗೊಂಡು ಗ್ಯಾರೇಜಿನವರಿಗೆ ಏನಾಗಬೇಕಾಗೇತಿ?”

ಶುಕ್ರವಾರದ ನಮಾಜಿಗೆ ಹೊರಟಿದ್ದ ಅಯ್ಯೂಬ ಚಾಚಾ ಟೋಪಿ ಸರಿಮಾಡಿಕೊಳ್ಳುತ್ತ ಇಬ್ಬರನ್ನೂ ನೋಡಿದ. “ಜಗಳಾಡ್ರಿ, ನನ್ನ ಗಿರಾಕಿ ಓಡಿಸಬ್ಯಾಡ್ರಿ,” ಎಂದು ಹೇಳಿ ಹೋದ.

ಶಿವಯೋಗಿ ಜೀಪಿನಡಿ ಗೋಣಿಚೀಲ ಹಾಸಿ ಅಂಗಾತ ಮಲಗಿದ. ಮೊದಲು ಪಾವಟಿಗೆಗೆ ಕೈಹಾಕಿದ. ಒಂದು ಬೋಲ್ಟು ಬಂತು, ಉಳಿದವು ಜಂಗು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಅವಕ್ಕೆ ಡೀಸೆಲ್ ಸುರಿದು ನೆನೆಯಲು ಬಿಟ್ಟು ಹುಕ್ಕಿನ ಕಡೆ ಸರಿದ. ಪಾನಾಕ್ಕೆ ಪೈಪು ಸಿಗಿಸಿ ಅವನು ಒತ್ತುತ್ತಿದ್ದ ರೀತಿ ನೋಡಿದರೆ ಆ ನಟ್ಟುಗಳ ಮೇಲೇ ಅವನಿಗೆ ದ್ವೇಷವಿದ್ದಂತಿತ್ತು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

“ಅಕ್ಕಾರ, ಹಿಡೀರಿ ಇದನ್ನ. ಕಡೀ ಬೋಲ್ಟು ಬಿಚ್ಚಿದ್ರ ಎದಿ ಮ್ಯಾಲೆ ಬೀಳತೈತಿ.”

“ಬೀಳಲಿ ಬಿಡ್ರಿ.”

“ಬಿದ್ದ ಮ್ಯಾಲೆ ಪಾವಟಿಗಿ ಯಾರು ಬಿಚ್ತಾರ?”

ಬೇರೆ ದಾರಿಯಿರಲಿಲ್ಲ. ದುಪಟ್ಟಾ ನಡುವಿಗೆ ಬಿಗಿದು ಮೊಣಕಾಲೂರಿ ಕೂತು ಎರಡೂ ಕೈಯಿಂದ ಹುಕ್ಕಿನ ಭಾರ ಹೊತ್ತೆ. ಅವನ ಮುಖ ನನ್ನ ಕೈಯಡಿಯೇ ಇತ್ತು. ಹಣೆಯ ಮೇಲೆ ಗ್ರೀಸು, ರೆಪ್ಪೆಯ ಮೇಲೆ ಮಣ್ಣು. ಅವನು ನಟ್ಟನ್ನೇ ನೋಡುತ್ತಿದ್ದ, ನಾನು ಅವನು ನೋಡುತ್ತಾನೋ ಎಂದು ನೋಡುತ್ತಿದ್ದೆ. ಒಮ್ಮೆ ನೋಡಿದ. ಇಬ್ಬರೂ ಥಟ್ಟನೆ ಬೇರೆ ಕಡೆ ತಿರುಗಿದೆವು.

ಆ ಸಿಟ್ಟಿಗೆ ನಾನೇ ಬಾಯಿ ಬಿಟ್ಟೆ. “ಶಿರಹಟ್ಟಿಯವರು ನೋಡಿಹೋದ ವಾರದಾಗ ಖಬರ ಕಳಿಸಿದ್ರು. ಮನಿಷಾರಂದ್ರ ಹಂಗಿರಬೇಕು.”

ಪಾನಾ ನಿಂತಿತು. “ಗಂಡಿನವರು ಯಾಕ ಖಬರ ಕಳಸ್ತಾರ?”

“ಮತ್ಯಾರು ಕಳಸಬೇಕು?”

“ಕಳಸೂದೇನ್ ಬಂತು? ಹೆಣ್ಣಿನವರಿಗೆ ಒಪ್ಪಿಗಿ ಇದ್ರ ತಾವಾಗೇ ಮನಿ ನೋಡಾಕ ಬರ್ತಾರ. ನಮ್ಮ ಮನಿತನದಾಗ ಹಂಗ. ಕರದ್ರ ಒತ್ತಾಯ ಮಾಡಿದಂಗ ಆಗತೈತಿ ಅಂತ ಕರಿಯೂದಿಲ್ಲ.”

“ಕರೀದ ಮನಿಗೆ ಹೆಂಗ ಬರೂದು? ನಮ್ಮಲ್ಲಿ ಹಂಗ ಹೋದ್ರ ಹೆಣ್ಣಿನ ಕಿಮ್ಮತ್ತು ಉಳಿಯೂದಿಲ್ಲ!”

“ನಮ್ಮವ್ವ ಗ್ವಾಡಿಗೆ ಸುಣ್ಣ ಹಚ್ಚಿಸಿ ದಾರಿ ನೋಡಿದ್ಲು, ಗೊತ್ತೈತೇನು? ಇವತ್ತ ಬರ್ತಾರ, ನಾಳೆ ಬರ್ತಾರ ಅಂತ. ಬಾಳೆಹೊಸೂರ ತುಂಬ ನಗಪಾಟಲಾತು. ನಿಮ್ಮ ಹುಡುಗಗ ಮುಂಡರಗಿ ಹುಡುಗಿ ಒಲ್ಲೆ ಅಂದ್ಲಂತ ಅಂದ್ರು.”

“ನಮ್ಮ ಓಣ್ಯಾಗ ಅದನ್ನ ನನಗ ಅಂದ್ರು!”

ನಮ್ಮ ದನಿಗೆ ಪಕ್ಕದ ಮಗ್ಗದ ಮನೆಯಿಂದ ಯಾರೋ ಇಣುಕಿ ನೋಡಿದರು. ನಾನು ಹುಕ್ಕು ಹಿಡಿದೇ ಇದ್ದೆ.

“ಫೋನ್ ಮಾಡಾಕ ಏನ್ ಬ್ಯಾನಿ ಇತ್ತು ನಿನಗ?”

“ಹಿರ್ಯಾರ ಮಾತು ಮುಗಿಯೂತನಕ ಮಾಡಬ್ಯಾಡ ಅಂದಿದ್ರು. ತಡೀಲಾರದ ಮಾಡಿದೆ. ನೀ ಬ್ಲಾಕ್ ಮಾಡಿದ್ದಿ.”

ಬ್ಲಾಕ್ ಮಾಡಿದ್ದು ನಾನೇ. ಹಾಗಾಗಿ ಇನ್ನಷ್ಟು ಸಿಟ್ಟು ಬಂತು.

“ಅಂದ್ರ ನಿನಗ ಒಪ್ಪಿಗಿ ಇತ್ತು?”

“ಪಾವಟಿಗಿ ಮಾಡೂಮುಂದನ ಇತ್ತು,” ಎಂದ, ಜೀಪಿನ ತಳವನ್ನೇ ನೋಡುತ್ತ. “ಈಗೂ ಐತಿ. ಅದಕ್ಕ ಈ ಬೋಲ್ಟು ಬಿಚ್ಚಾಕ ಕೈ ಬರವಲ್ದು. ನೀ ಯಾರನ್ನರೆ ಮದುವ್ಯಾಗು, ಆದ್ರ ಈ ಗಾಡಿ ನಿಂದು, ದುಡಿಮಿ ನಿಂದು. ಅದನ್ನ ಬಿಚ್ಚಿ ಕೊಟ್ಟು ಮದುವ್ಯಾಗಬ್ಯಾಡ.”

ಹುಕ್ಕು ಇನ್ನು ಹಿಡಿಯಲಾಗಲಿಲ್ಲ. ಅವನೇ ಒಂದು ಕೈಯಿಂದ ಅದನ್ನು ಆನಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನನಗೆ ಅಳು ಬಂತು. ಶಿರಹಟ್ಟಿಗೆ ಹೂಂ ಅಂದದ್ದು ಇವನ ಮೇಲಿನ ಸಿಟ್ಟಿಗೆ ಎಂದು ಬಾಯಿಬಿಟ್ಟು ಹೇಳಿದೆ.

“ಸಿಟ್ಟಿಗೆ ಯಾರರೆ ಮದುವ್ಯಾಗ್ತಾರೇನು?”

“ನೀ ಬಾಯಿ ಮುಚ್ಚು. ಎಲ್ಲಾ ನಟ್ಟು ವಾಪಸ್ ಬಿಗಿ.”

ಅವನು ಬಿಗಿಯುತ್ತಿದ್ದಾಗಲೇ ಅಪ್ಪನಿಗೆ ಫೋನ್ ಮಾಡಿದೆ. ಶಿರಹಟ್ಟಿಯವರಿಗೆ ಈಗಿಂದೀಗಲೇ ಬೇಡವೆಂದು ಹೇಳು, ಹೇಳಿ ಬಾಳೆಹೊಸೂರಿಗೆ ಮನೆ ನೋಡಲು ಬಾ ಎಂದೆ. ನಮ್ಮಪ್ಪ ಹುಚ್ಚಪ್ಪನ ದನಿಗೆ ಸ್ಪೀಕರ್ ಬೇಕಾಗುವುದಿಲ್ಲ.

“ಅವರು ಕರದಾರೇನು?”

“ಅವರು ಕರಿಯೂದಿಲ್ಲಪಾ. ಅದು ಅವರ ಪದ್ಧತಿ.”

“ಇದೆಂಥಾ ಹಾಳ ಪದ್ಧತಿ! ಎಲ್ಲಿದ್ದಾನ ಆ ಮಗ? ಬಂದು ಅವನ್ನ ನೋಡ್ತೀನಿ!”

ಬರುತ್ತೇನೆಂದಂತಾಯಿತು. ಅಷ್ಟು ಸಾಕಿತ್ತು.

ಅಯ್ಯೂಬ ಚಾಚಾ ವಾಪಸು ಬಂದಾಗ ಹುಕ್ಕು, ಪಾವಟಿಗೆ ಎರಡೂ ಸ್ವಸ್ಥಾನದಲ್ಲಿದ್ದವು, ನಮ್ಮಿಬ್ಬರ ಕೈಯೂ ಕರ್ರಗಿತ್ತು. “ಮುಗೀತೇನು ಜಗಳ?”

“ಇಲ್ರಿ ಚಾಚಾ,” ಎಂದೆವು ಇಬ್ಬರೂ. ಜೀಪು ಹತ್ತಿ ಬಾಳೆಹೊಸೂರಿಗೆ ಹೊರಟವರು ಲಕ್ಷ್ಮೇಶ್ವರ ದಾಟುವವರೆಗೂ ತಪ್ಪು ಯಾರದೆಂದು ಜಗಳಾಡಿದೆವು. ಆಮೇಲೆ ಅವನು ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಕೈಯಿಟ್ಟ. ಅಷ್ಟಕ್ಕೇ ನಾನು ಸುಮ್ಮನಾದದ್ದು ನನಗೇ ನಾಚಿಕೆ.

ಶಾರದವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಗುರುತು ಹಿಡಿದದ್ದೇ ಮೊರ ಕೆಳಗಿಟ್ಟಳು.

“ಯಾಕ ಬಂದಿ?”

ಶಿವಯೋಗಿ ಬಾಯಿ ತೆರೆದ. ನಾನು ಮುಂದೆ ಬಂದೆ. “ಮನಿ ನೋಡಾಕ ಬಂದೀನ್ರಿ, ಅತ್ತಿ.”

“ನಿಮ್ಮ ಹಿರ್ಯಾರೆಲ್ಲಿ?”

“ಅಪ್ಪ ಬರಾಕ ಹತ್ಯಾನ್ರಿ. ಸಿಟ್ಟಿಲೆ ಹೊಂಟಾನ, ಜಲ್ದಿ ಬರ್ತಾನ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗ್ರೀಸು ಮೆತ್ತಿದ ಕೈ, ಮೊಣಕಾಲಿನ ಮಣ್ಣು, ಒಂದನ್ನೂ ಬಿಡಲಿಲ್ಲ. ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದು ಕಾಲ ಹತ್ತಿರ ಟಣ್ ಎಂದು ಇಟ್ಟಳು.

“ಹೋದ ವರ್ಷ ಬಂದಿದ್ರ ಗ್ವಾಡಿಗೆ ಹೊಸಾ ಸುಣ್ಣ ಇತ್ತು. ಈಗ ಎಲ್ಲಾ ಉದುರೇತಿ. ಕಾಲು ತೊಳಕೊಂಡು ಒಳಗ ಬಂದು ನೋಡು. ಒಪ್ಪಿಗಿ ಇದ್ರ ಹೇಳು, ಇಲ್ಲದಿದ್ರ ಇವತ್ತ ಹೇಳಿ ಹೋಗಿಬಿಡು. ಮತ್ತ ದಾರಿ ನೋಡಾಕ ನನ್ನ ಕಡೆ ಆಗೂದಿಲ್ಲ.”

ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ.

“ಒಪ್ಪಿಗಿ ಐತ್ರಿ,” ಎಂದೆ.