ಸ್ಯಾಂಪಲ್ ಮೇಡಂ

“ಅಂತೂ ಬಂದ್ರಾ! ಮೂರು ದಿನದಿಂದ ಕಾಯ್ತಾ ಇದೀನಿ,” ಎಂದ ಅವನು.

ಅವಳಿಗಾಗಿ ಹಾಗೆ ಯಾರೂ ಕಾದದ್ದಿಲ್ಲ. ಶಾಲೆಗಳಿಗೆ ಟ್ಯಾಬ್ಲೆಟ್ ಮಾರುವ ಕಂಪನಿಯವಳು ಬಂದಳೆಂದರೆ ಮೇಷ್ಟ್ರುಗಳು ಮೊದಲು ನೋಡುವುದು ಗಡಿಯಾರವನ್ನು. ಈ ಮನುಷ್ಯ ಮಾತ್ರ ಕಂಕುಳಲ್ಲೊಂದು ಗ್ಲೋಬ್ ಸಿಕ್ಕಿಸಿಕೊಂಡು, ಮುಖ ಅರಳಿಸಿಕೊಂಡು, ಅವಳನ್ನು ನೇರವಾಗಿ ತರಗತಿಯೊಳಗೆ ಕರೆದೊಯ್ದು ಚಾವಣಿಯತ್ತ ಕೈ ತೋರಿಸಿದ.

“ಅದೇ ನೋಡಿ. ಪ್ರೊಜೆಕ್ಟರ್ ಆನ್ ಆಗುತ್ತೆ, ಚಿತ್ರ ಮಾತ್ರ ಬರಲ್ಲ.”

ತಾನು ರಿಪೇರಿಯವಳಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬೆಂಚೊಂದನ್ನು ಎಳೆದು ತಂದು, ಅಲುಗಾಡದಂತೆ ಎರಡೂ ಕೈಯಿಂದ ಅದುಮಿ ಹಿಡಿದು ನಿಂತಾಗಿತ್ತು. ತೋಳಿನ ತುಂಬಾ ಸೀಮೆಸುಣ್ಣದ ಪುಡಿ. ಅವಳು ಚಪ್ಪಲಿ ಬಿಟ್ಟು ಬೆಂಚು ಹತ್ತಿದಳು. ಸಡಿಲವಾಗಿದ್ದ ಕೇಬಲನ್ನು ಒತ್ತಿದ್ದೇ ತಡ, ಗೋಡೆಯ ಮೇಲೆ ನೀಲಿ ಸಮುದ್ರವೊಂದು ಹರಡಿಕೊಂಡಿತು.

“ಎಷ್ಟು ಕೊಡ್ಬೇಕು ಮೇಡಂ?”

“ಐದು ನಿಮಿಷ ಕೊಡಿ ಸಾಕು. ನಾನು ಟ್ಯಾಬ್ಲೆಟ್ ಮಾರೋಕೆ ಬಂದವಳು.”

ಅವನ ಎರಡೂ ಕಿವಿ ಒಟ್ಟಿಗೇ ಕೆಂಪಾದವು. ಅವಳು ಬೆಂಚಿನ ಮೇಲೆಯೇ ನಿಂತು ಮನಸಾರೆ ನಕ್ಕಳು.

ಅವನು ಭೂಗೋಳದ ಮೇಷ್ಟ್ರು. ಮಕ್ಕಳ ಬಾಯಲ್ಲಿ ಗ್ಲೋಬ್ ಸರ್. ಟ್ಯಾಬ್ಲೆಟ್ ಆರಿಸುವ ಸಮಿತಿಗೆ ಅವನೇ ಮುಖ್ಯಸ್ಥ. ಒಂದೇ ಆಡಳಿತ ಮಂಡಳಿಯ ಹನ್ನೊಂದು ಶಾಲೆಗಳಲ್ಲಿ ಇದು ಮೊದಲನೆಯದು. ಇಲ್ಲಿ ಒಪ್ಪಿದ್ದನ್ನೇ ಉಳಿದ ಹತ್ತೂ ಕೊಳ್ಳುತ್ತವೆ. ಏಳು ಕಂಪನಿಗಳು ಬಂದು ಹೋಗಿ ಕೊನೆಗೆ ಎರಡು ಉಳಿದಿದ್ದವು: ಅವಳದು, ಮತ್ತು ಸದಾ ನೀಲಿ ಟೈ ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಸಂಭಾವಿತನದು. ನೀಲಿ ಟೈಯವನ ಟ್ಯಾಬ್ಲೆಟ್ ತುಸು ದುಬಾರಿ. ಅವಳದು ಅಗ್ಗ, ನೋಡಲು ಚೆಂದ, ಬೆರಳು ಸೋಕಿದರೆ ಸಾಕು ನಕಾಶೆ ನೀರಿನಂತೆ ಹರಿಯುತ್ತಿತ್ತು.

ಮೊದಲ ಡೆಮೊ ಮುಗಿದ ಮೇಲೆ ಅವನು, “ಒಂದು ಡೌಟಿದೆ. ಗುರುವಾರ ಬರ್ತೀರಾ?” ಎಂದ.

ಗುರುವಾರದ ಡೌಟು ಬ್ಯಾಟರಿಯದು. ಮುಂದಿನ ಸೋಮವಾರದ್ದು ಒದ್ದೆ ಬೆರಳಿನದು. ಅದರ ಮುಂದಿನದು ಪರದೆಯ ಬೆಳಕಿನದು. ಐದನೆಯ ಸಲ ಅವನು ಬಹಳ ಗಂಭೀರವಾಗಿ ಕೇಳಿದ: “ಈ ಚಾರ್ಜರ್ ವೈರು ಬೆಳ್ಳಗೇ ಯಾಕಿದೆ?”

“ಸರ್, ಇದನ್ನ ಕೇಳೋಕೆ ಎರಡು ಬಸ್ ಬದಲಾಯಿಸಿಕೊಂಡು ಬರಬೇಕಿತ್ತಾ ನಾನು?”

“ಮಕ್ಕಳ ಕೈಯಲ್ಲಿ ಕೊಳೆ ಆಗಲ್ವಾ ಅಂತ…”

“ಫೋನಲ್ಲೇ ಕೇಳಬಹುದಿತ್ತು.”

“ಫೋನಲ್ಲಿ ವೈರು ಕಾಣಲ್ವಲ್ಲ,” ಎಂದವನು ಕಿಟಕಿಯಾಚೆ ನೋಡಿದ. ಅವಳು ಕೆನ್ನೆಯ ಒಳಗನ್ನು ಕಚ್ಚಿ ನಗು ತಡೆದಳು. ಅವನು ಓರೆಗಣ್ಣಲ್ಲಿ ಅದನ್ನೂ ನೋಡಿದ. ಹೊರಗೆ ಮಕ್ಕಳು “ಸ್ಯಾಂಪಲ್ ಮೇಡಂ ಬಂದ್ರು, ಸ್ಯಾಂಪಲ್ ಮೇಡಂ!” ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

ಅವಳ ಬ್ಯಾಗಿನಲ್ಲಿದ್ದದ್ದು ನಿಜಕ್ಕೂ ಸ್ಯಾಂಪಲ್ಲೇ. ಅದೊಂದೇ ಅವಳ ಸಂಕಟ.

ಎರಡನೇ ಭೇಟಿಯ ಮುನ್ನ ಗೋಡೌನಿನಲ್ಲಿ ಅವಳು ಒಂದು ಪೆಟ್ಟಿಗೆ ಬಿಚ್ಚಿ ನೋಡಿದ್ದಳು. ಶಾಲೆಗೆ ಹೋಗಲಿದ್ದ ಮಾಲಿನಲ್ಲಿ ಮೆಮೊರಿ ಅರ್ಧಕ್ಕರ್ಧ ಕಡಿಮೆ. ಹೊರಗಿನ ಕವಚ, ಬಣ್ಣ, ಹಿಂಬದಿಯ ನಂಬರು ಎಲ್ಲ ಒಂದೇ.

ಮ್ಯಾನೇಜರ್ ತಲೆ ಎತ್ತದೆ ಹೇಳಿದ್ದರು: “ಬೆಲೆ ಇಳಿಸ್ಬೇಕು ಅಂದ್ರೆ ಎಲ್ಲಾದ್ರೂ ಕತ್ತರಿ ಹಾಕಲೇಬೇಕಲ್ಲಮ್ಮ. ಮಾಡೆಲ್ ನಂಬರ್ ಒಂದೇ ತಾನೇ? ಸುಳ್ಳೆಲ್ಲಿ ಬಂತು? ನೀಲಿ ಟೈ ಬಾಗಿಲಲ್ಲಿ ಕೂತಿದಾನೆ, ನೆನಪಿಟ್ಕೋ.”

ಅವಳು ಸುಮ್ಮನೆ ಪೆಟ್ಟಿಗೆಗೆ ಟೇಪು ಅಂಟಿಸಿದ್ದಳು.

ಸಮಿತಿ ತೀರ್ಮಾನಿಸುವ ಹಿಂದಿನ ಮಧ್ಯಾಹ್ನ, ಖಾಲಿ ತರಗತಿಯಲ್ಲಿ, ಇಬ್ಬರೂ ಒಂದೇ ಟ್ಯಾಬ್ಲೆಟ್ ಮೇಲೆ ಬಾಗಿದ್ದರು. ಅವನು ಒಂದು ನದಿಯನ್ನು ಅದರ ಮೂಲದತ್ತ ಬೆರಳಿನಿಂದ ಹಿಂಬಾಲಿಸುತ್ತಿದ್ದ. ಅವಳು ಅದೇ ನದಿಯ ಇನ್ನೊಂದು ತುದಿಯಲ್ಲಿದ್ದಳು. ನಡುವೆ ಎಲ್ಲೋ ಬೆರಳುಗಳು ತಾಗಿದವು. ಯಾರೂ ಕೂಡಲೇ ಹಿಂತೆಗೆಯಲಿಲ್ಲ.

“ಮೇಡಂ,” ಎಂದ ಮೆಲ್ಲಗೆ. “ಮಕ್ಕಳ ಕೈಗೆ ಬರೋದೂ ಇದೇ ತಾನೇ?”

ಅವಳು ಅವನ ಮುಖ ನೋಡಿದಳು. ಆ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

“ಇದೇ ಸರ್.”

ಮರುದಿನ ಆರ್ಡರ್ ಅವಳ ಕಂಪನಿಗೆ ಸಿಕ್ಕಿತು. ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು. ಮನೆಗೆ ಬಂದಾಗ ಅಕ್ಕ ಕೆನ್ನೆ ಹಿಂಡಿ, “ಆರ್ಡರೂ ಸಿಕ್ತು, ಮೇಷ್ಟ್ರೂ ಸಿಕ್ಕಿದ ಹಾಗಿದೆ,” ಎಂದು ಕಾಡಿಸಿದಳು. ಅವಳು ತಲೆನೋವೆಂದು ಮುಸುಕೆಳೆದು ಮಲಗಿದಳು.

ಹದಿನೈದು ದಿನದ ಮೇಲೆ ಅವನ ಫೋನು ಬಂತು.

“ಒಂದು ಪೀಸ್ ಕೆಟ್ಟಿದೆ. ನಿಮ್ಮ ತಪ್ಪಲ್ಲ ಬಿಡಿ. ಆರನೇ ಕ್ಲಾಸಿನ ಒಂದು ಹುಡುಗಿ ಟೆಸ್ಟಿನಲ್ಲಿ ಸಿಕ್ಕಾಪಟ್ಟೆ ಒತ್ತಿ ಒತ್ತಿ ಹಾಳು ಮಾಡಿದಾಳೆ. ಚೆನ್ನಾಗಿ ಬೈದಿದೀನಿ. ಅವರಪ್ಪನ್ನೂ ಕರೆಸಿದೀನಿ. ರಿಪೇರಿ ಆಗುತ್ತಾ ನೋಡ್ತೀರಾ?”

ಅವಳು ಹೋದಾಗ ಸ್ಟಾಫ್ ರೂಮಿನ ಹೊರಗೆ ದಪ್ಪ ಕನ್ನಡಕದ ಒಂದು ಪುಟ್ಟ ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಪಕ್ಕದಲ್ಲಿ ಬಸ್ ಡ್ರೈವರಿನ ಯೂನಿಫಾರ್ಮಿನಲ್ಲೇ ಬಂದಿದ್ದ ತಂದೆ, ಬಾಗಿಲಲ್ಲಿ ಗ್ಲೋಬ್ ಸರ್. ಅವರು ಮಗಳ ಬೆನ್ನು ಮೆಲ್ಲಗೆ ತಟ್ಟಿ, “ಸಾರಿ ಕೇಳು ಪುಟ್ಟಿ,” ಎಂದರು.

“ಸಾರಿ ಮಿಸ್,” ಎಂದಿತು ಮಗು. “ನಾನು ಮೆಲ್ಲಗೇ ಒತ್ತಿದ್ದೆ. ನಕಾಶೆ ಬರ್ಲೇ ಇಲ್ಲ. ಅದಕ್ಕೇ ಇನ್ನೊಂದ್ಸಲ ಒತ್ತಿದೆ.”

ಸಣ್ಣ ಮೆಮೊರಿಗೆ ದೊಡ್ಡ ನಕಾಶೆ ತೂರಿಸಿದರೆ ಏನಾಗುತ್ತದೆಂದು ಆ ಕಟ್ಟಡದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

“ಪರವಾಗಿಲ್ಲ ಪುಟ್ಟಿ,” ಎಂದಳು ಅವಳು.

ತಂದೆ ಕೈಮುಗಿದರು. ಟ್ಯಾಬ್ಲೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು. ಅಂಗಳ ದಾಟಿ ಗೇಟಿನ ತನಕ ಹೋದಳು. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಸುಳ್ಳು ಹೇಳಿದ್ದು ಒಂದಾದರೆ, ಮಗುವಿನ ಕೈಲಿ ಕ್ಷಮೆ ಕೇಳಿಸಿಕೊಂಡು, ದೊಡ್ಡ ಮನಸ್ಸಿನವಳ ಹಾಗೆ ಅದನ್ನು ಕ್ಷಮಿಸಿ ಬಂದಿದ್ದಳಲ್ಲ! ಮೈಮೇಲಿನ ಚರ್ಮ ತನ್ನದಲ್ಲ ಅನ್ನಿಸುವಷ್ಟು ಹೇಸಿಗೆಯಾಯಿತು.

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಮೂವರೂ ಇನ್ನೂ ಅಲ್ಲೇ ಇದ್ದರು. ಅವನು ಅವಳನ್ನು ಕಂಡು ಮುಗುಳ್ನಕ್ಕ. ಅವನ ಆ ನಗುವನ್ನು ಎದುರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಅವಳು ಮಗುವಿನ ಎದುರು ಮಂಡಿಯೂರಿ ಕೂತಳು. “ಪುಟ್ಟಿ, ನೀನು ಏನೂ ಮಾಡಿಲ್ಲ. ಇದು ಒಳಗಿಂದಲೇ ಸರಿ ಇಲ್ಲ. ಅದು ನಂಗೆ ಮೊದಲೇ ಗೊತ್ತಿತ್ತು. ನಾನು ಸರ್‌ಗೆ ತೋರಿಸಿದ್ದು ಒಂದು, ನಿಮಗೆ ಕೊಟ್ಟಿದ್ದು ಇನ್ನೊಂದು. ಸಾರಿ ಕೇಳಬೇಕಾದವಳು ನಾನು.”

ಡ್ರೈವರ್ ಕೈಗಳನ್ನು ಕೆಳಗಿಳಿಸಿದರು. “ಕೆಲಸ ಬಿಟ್ಟು ಬಂದಿದೀನಮ್ಮ,” ಎಂದರು ಅಷ್ಟೇ.

ಅವನ ಕಿವಿ, ಕುತ್ತಿಗೆ, ಹಣೆ, ಎಲ್ಲ ಕೆಂಪೇರಿತು. ಬೈಯಲಿ ಎಂದು ಅವಳು ಕಾದಳು. ಅವನು ಅವಳನ್ನು ನೋಡದೆ, “ನೀವು ಹೋಗಿ ಮೇಡಂ,” ಎಂದ.

ಹೋಗುವ ಮುನ್ನ ಅವಳು ಶಾಲೆಯ ಆಫೀಸಿನಲ್ಲಿ ಒಂದು ಹಾಳೆ ಕೇಳಿ, ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟಳು. ಮಾರನೆಯ ದಿನ ಕೆಲಸ ಹೋಯಿತು. ಕಂಪನಿ ಟ್ಯಾಬ್ಲೆಟ್‌ಗಳನ್ನು ವಾಪಸ್ ತೆಗೆದುಕೊಂಡಿತು. ಹನ್ನೊಂದು ಶಾಲೆಗಳೂ ನೀಲಿ ಟೈಯವನ ಪಾಲಾದವು.

ಅವಳಿಗೆ ಮೊಬೈಲ್ ಸರ್ವಿಸ್ ಸೆಂಟರೊಂದರ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಒಡೆದ ಪರದೆ, ನೀರು ಹೊಕ್ಕ ಸ್ಪೀಕರು, ಬೈಯುವ ಗಿರಾಕಿಗಳು. ಬೈಗುಳ ತಿಂದರೆ ಅವಳಿಗೆ ಒಂದು ಬಗೆಯ ಸಮಾಧಾನವೇ ಆಗುತ್ತಿತ್ತು. ಅವನ ನಂಬರನ್ನು ಎಷ್ಟೋ ಸಲ ತೆರೆದು ನೋಡಿ ಮುಚ್ಚಿದ್ದಳು. ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಅಕ್ಕ ಕಾಡಿಸುವುದನ್ನು ನಿಲ್ಲಿಸಿದ್ದಳು. ಸುಮ್ಮನೆ ತಲೆ ನೇವರಿಸಿ ಹೋಗುತ್ತಿದ್ದಳು.

ಆರು ವಾರ ಕಳೆದ ಒಂದು ಶನಿವಾರ ಮಧ್ಯಾಹ್ನ, ಮೂವತ್ತೆಂಟನೇ ಟೋಕನ್ ಕೂಗಿದಾಗ ಅವನು ಎದ್ದು ಬಂದ.

ಅವಳ ಕೈಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು. ರೂಢಿಯ ಮಾತೇ ಬಾಯಿಗೆ ಬಂತು: “ಏನು ಪ್ರಾಬ್ಲಂ ಸರ್?”

“ಹೇಳೋಕೆ ಸ್ವಲ್ಪ ಜಾಸ್ತಿ ಟೈಮ್ ಬೇಕು.”

“ಹಿಂದೆ ಇನ್ನೂ ಆರು ಜನ ಇದಾರೆ.”

“ಹಾಗಾದ್ರೆ ಕಾಯ್ತೀನಿ.”

ಕಾದ. ನಾಲ್ಕು ಗಂಟೆಗೆ ಅವಳ ಪಾಳಿ ಮುಗಿಯಿತು. ಎದುರಿನ ಅಂಗಡಿಯ ಮುಂದಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಟೀ ಹಿಡಿದು ಕೂತರು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

“ಆ ಹುಡುಗಿ ಹೇಗಿದಾಳೆ ಸರ್?”

“ಇಡೀ ಕ್ಲಾಸಿನ ಮುಂದೆ ನಿಂತು ಅವಳ ಹತ್ರ ಸಾರಿ ಕೇಳಿದೆ. ‘ಸರಿ ಸರ್, ಆ ಟೆಸ್ಟಿನ ಮಾರ್ಕ್ಸ್ ಲೆಕ್ಕಕ್ಕಿದೆಯಾ?’ ಅಂದ್ಲು.”

ಅವಳಿಗೆ ನಗು ಬಂತು. ನಗುವ ಹಕ್ಕಿಲ್ಲವೆನಿಸಿ ಲೋಟದೊಳಗೆ ಮುಖ ಹಾಕಿದಳು.

“ನನ್ನ ಕಡೆ ನೋಡಿ,” ಎಂದ ಅವನು. “ಇಲ್ಲ, ಬೇಡ. ಹೇಳಿ ಮುಗಿಸೋ ತನಕ ನೋಡಬೇಡಿ.” ಲೋಟವನ್ನು ಕೆಳಗಿಟ್ಟ. “ಸಮಿತಿಯ ಫಾರ್ಮಿನಲ್ಲಿ ಒಂದು ಸಾಲಿತ್ತು. ಕಂಪನಿ ಕೊಡೋ ಸ್ಟಾಕಿನಿಂದಲೇ ನಲವತ್ತು ಪೀಸ್ ತರಿಸಿ, ಇಡೀ ಕ್ಲಾಸಿಗೆ ಒಟ್ಟಿಗೆ ಕೊಟ್ಟು ನೋಡಬೇಕು ಅಂತ. ನೀಲಿ ಟೈಯವರ ಹತ್ರ ತರಿಸಿದ್ದೆ. ನಿಧಾನ, ಆದ್ರೆ ಒಂದೂ ನಿಂತುಹೋಗಲಿಲ್ಲ.”

“ನಮ್ಮ ಹತ್ರ ಕೇಳಲೇ ಇಲ್ವಲ್ಲ.”

“ಕೇಳಲಿಲ್ಲ. ‘ನೋಡಿದೆ’ ಅಂತ ಟಿಕ್ ಹಾಕಿದೆ.”

ಅವಳು ತಿರುಗಿ ನೋಡಿಬಿಟ್ಟಳು.

“ಕೇಳಿದ್ರೆ ನಿಮ್ಮ ಟ್ಯಾಬ್ಲೆಟ್ ಫೇಲಾಗುತ್ತೇನೋ ಅಂತ ಭಯ. ಫೇಲಾದ್ರೆ ನೀವು ಮತ್ತೆ ಬರಲ್ಲ. ನನಗೆ ಟ್ಯಾಬ್ಲೆಟ್ ಯಾವುದಾದ್ರೂ ಆಗಬಹುದಿತ್ತು, ಬರೋರು ನೀವೇ ಆಗ್ಬೇಕಿತ್ತು. ನೀವು ಬಾಯಲ್ಲಿ ಹೇಳಿದ ಸುಳ್ಳನ್ನ ನಾನು ಪೆನ್ನಲ್ಲಿ ಹೇಳಿದ್ದೆ. ನೀವು ಅವತ್ತೇ ಒಪ್ಪಿಕೊಂಡು ಕೆಲಸ ಕಳ್ಕೊಂಡ್ರಿ. ನಾನು ಸ್ಟಾಫ್ ರೂಮಿನಲ್ಲಿ ಕೂತು ಎಲ್ಲರ ಹತ್ರ ಅಯ್ಯೋ ಪಾಪ ಅನ್ನಿಸಿಕೊಂಡೆ. ‘ಎಂಥಾ ಮೋಸಗಾತಿ, ಸರ್’ ಅಂದ್ರು. ಸುಮ್ಮನಿದ್ದೆ.”

ಬೀದಿಯಲ್ಲಿ ಒಂದು ಬಸ್ಸು ನಿಂತು ಜನರನ್ನಿಳಿಸಿ ಹೋಯಿತು.

“ಆರು ವಾರ ಸರ್!” ಅಂದಳು ಅವಳು. ಕೋಪಕ್ಕೆ ಕಣ್ಣು ತುಂಬಿತ್ತು. “ಆರು ವಾರದಿಂದ ಕನ್ನಡಿ ಮುಂದೆ ನಿಂತು ತಲೆ ಬಾಚ್ಕೊಳ್ಳೋಕೂ ಆಗಿಲ್ಲ ನಂಗೆ. ಒಂದು ಫೋನ್ ಮಾಡೋಕಾಗಲಿಲ್ವಾ ನಿಮಗೆ?”

“ನಾಚಿಕೆ ಆಯ್ತು.”

“ನಂಗೇನು ಹೆಮ್ಮೆ ಆಗಿತ್ತಾ?”

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಡುವಿನ ಜಾಗದಲ್ಲಿ ಅರ್ಧದಷ್ಟು ಸರಿದು ಕೂತಳು.

“ನಿಮ್ಮ ದೊಡ್ಡ ಮೇಡಂಗೆ ಹೇಳಿದ್ರಾ?”

“ಸೋಮವಾರ ಹೇಳ್ತೀನಿ. ನೀವು ಬರ್ತೀರಾ? ಒಳಗೆ ಬಂದು ಏನೂ ಮಾತಾಡಬೇಡಿ. ಸುಮ್ಮನೆ ನಿಂತಿದ್ರೆ ಸಾಕು.”

ಆ ಶಾಲೆಯ ಗೇಟನ್ನು ಮತ್ತೆ ದಾಟಬೇಕು. ಅವಳು ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟಳು. “ಎಷ್ಟು ಗಂಟೆಗೆ?” ಎಂದಳು.

ಸೋಮವಾರ ಹತ್ತಕ್ಕೆ ಇಬ್ಬರೂ ಮುಖ್ಯೋಪಾಧ್ಯಾಯಿನಿಯ ಮೇಜಿನ ಮುಂದೆ ನಿಂತಿದ್ದರು. ಮಕ್ಕಳು ಕಿಟಕಿಯಲ್ಲಿ ಇಣುಕಿ ಗುಸುಗುಸು ಮಾಡಿ ಓಡಿದರು. ಅವಳು ನೆಲದ ಟೈಲಿನ ಬಿರುಕೊಂದನ್ನು ನೋಡುತ್ತ ನಿಂತಳು. ಅವನು ಫಾರ್ಮು, ಟಿಕ್ಕು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ.

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಮೇಲೆ ನಂಗೆ ತುಂಬಾ ನಂಬಿಕೆ ಇತ್ತು.”

“ಗೊತ್ತು ಮೇಡಂ.”

“ಸಮಿತಿ ಬಿಟ್ಟುಬಿಡಿ. ಈ ವರ್ಷ ಯಾವ ಜವಾಬ್ದಾರಿಯೂ ಬೇಡ. ನೀವು ಹೇಳಿದ್ದನ್ನ ಬರೆದು ಕೊಡಿ, ಮಂಡಳಿಗೆ ಕಳಿಸ್ತೀನಿ. ಅವರೇನು ಮಾಡ್ತಾರೋ ನಂಗೂ ಗೊತ್ತಿಲ್ಲ.”

“ಆಗಲಿ ಮೇಡಂ.”

ಅವರ ಕಣ್ಣು ಅವಳತ್ತ ತಿರುಗಿತು. “ಇವರು ತಮ್ಮದನ್ನ ಆವತ್ತೇ ಬರೆದು ಕೊಟ್ಟಿದಾರೆ. ಇವತ್ತು ಯಾಕೆ ಬಂದಿದಾರೆ? ನಿಮಗೆ ಏನಾಗಬೇಕು ಇವರು?”

ಅವನ ಕಿವಿಗಳು ನಿಧಾನಕ್ಕೆ ಕೆಂಪೇರಿದವು.

“ನಾನು ಮದುವೆ ಆಗಬೇಕು ಅಂದ್ಕೊಂಡಿರೋರು ಮೇಡಂ.”

ಅವಳು ತಟ್ಟನೆ ತಲೆ ಎತ್ತಿದಳು. ದೊಡ್ಡ ಮೇಡಂ ಅವಳ ಮುಖವನ್ನೂ ಅವನ ಮುಖವನ್ನೂ ಸರದಿಯಾಗಿ ನೋಡಿದರು.

“ಅವರಿಗೆ ಈ ವಿಷಯ ಹೇಳಿದೀರಾ?”

“ಇನ್ನೂ ಇಲ್ಲ ಮೇಡಂ.”

“ಹಾಗಾದ್ರೆ ಹೊರಗೆ ಹೋಗಿ ಹೇಳಿ. ಇದು ಸ್ಕೂಲು,” ಎಂದು ಅವರು ಕನ್ನಡಕ ಹಾಕಿಕೊಂಡು ಫೈಲು ತೆರೆದರು. ತುಟಿಯಂಚಿನಲ್ಲಿ ಏನೋ ಮಿನುಗಿದಂತಿತ್ತು, ಖಚಿತವಾಗಿ ಹೇಳುವಂತಿರಲಿಲ್ಲ.

ಗೇಟಿನ ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅವನಿಗೆ ಮೂರನೇ ಪೀರಿಯಡ್ ತನಕ ಬಿಡುವು. ಅವಳಿಗೆ ಹನ್ನೊಂದೂವರೆಯ ಬಸ್ಸು.

“ಹೇಳಬೇಕಂತೆ,” ಎಂದ ಅವನು.

“ಕೇಳಿಸ್ಕೊಂಡೆ ಸರ್.”

“ಏನಂತೀರಾ?”

“ಯೋಚನೆ ಮಾಡೋಕೆ ಟೈಮ್ ಬೇಕು.”

ಅವನ ಮುಖ ಸಪ್ಪಗಾಯಿತು. “ಎಷ್ಟು?”

ಅವಳು ಅವನನ್ನು ಕಣ್ತುಂಬ ನೋಡಿದಳು. ಎಷ್ಟೋ ದಿನಗಳ ಮೇಲೆ, ನೋಡಲು ಧೈರ್ಯ ಬಂದಿತ್ತು.

“ಬಸ್ ಸ್ಟಾಪ್ ತನಕ.”

ಬಸ್ ಸ್ಟಾಪು ಎಂಟು ನಿಮಿಷದ ದಾರಿ. ಇಬ್ಬರೂ ಒಂದೊಂದೇ ಹೆಜ್ಜೆ ಎಣಿಸಿದಂತೆ ನಡೆದು, ಅರ್ಧ ಗಂಟೆ ಮಾಡಿದರು. ಹನ್ನೊಂದೂವರೆಯ ಬಸ್ಸು ಅವರ ಎದುರೇ ಬಂತು, ನಿಂತಿತು, ಹೋಯಿತು. ಅವಳು ಹತ್ತಲಿಲ್ಲ.