ಹೊಟ್ಟೆಯೊಳಗಿನ ಮರಿಯ ಕರಾರು

"ಹೊಟ್ಟೆಯೊಳಗಿರೋದನ್ನ ಮಾತ್ರ ಕೊಳ್ಳೋಕೆ ಹೋಗಬೇಡಿ ಅಳಿಯಂದ್ರೇ," ಎಂದು ದಲ್ಲಾಳಿ ಶಾಮುರತ್ ಎರ್ಮೆಕ್‌ನ ತೋಳು ಹಿಡಿದೆಳೆದು ಪಿಸುಗುಟ್ಟಿದ. "ನಾಲ್ಕು ಕಾಲೂರಿ ನೆಲದ ಮೇಲೆ ನಿಂತಿರೋದನ್ನ ಕೊಳ್ಳಿ, ನಾನೇ ಕೈ ಕುಲುಕಿಸ್ತೀನಿ. ಹುಟ್ಟದೇ ಇರೋದಕ್ಕೆ ಕೈ ಹಾಕಿದವರ ಮನೆ ಉದ್ಧಾರ ಆಗಿದ್ದು ನಾನಂತೂ ಕಂಡಿಲ್ಲ."

ಎರ್ಮೆಕ್ ಗಟ್ಟಿಯಾಗಿ ನಕ್ಕ. "ಶಾಮುರತ್ ಬಾಯ್ಕೆ, ಬಿಷ್ಕೆಕ್‌ನಲ್ಲಿ ಹುಡುಗರಿಗೆ ನಾನು ಕರಾರು ಕಾನೂನನ್ನೇ ಪಾಠ ಹೇಳೋದು. ಬರೋ ವರ್ಷದ ಫಸಲನ್ನೂ ಮಾರಬಹುದು, ಹುಟ್ಟೋ ಮರೀನೂ ಮಾರಬಹುದು. ಒಬ್ಬರು ಕೊಡ್ತೀನಿ ಅಂದ್ರು, ಇನ್ನೊಬ್ಬರು ತಗೋತೀನಿ ಅಂದ್ರು, ಅಲ್ಲಿಗೆ ಮುಗೀತು."

"ಅಲ್ಲಿಗೆ ಮುಗಿಯಲ್ಲ, ಅಲ್ಲಿಂದ ಶುರುವಾಗೋದು."

ಹಿಮ ಕರಗಿ ಕುದುರೆ ಸಂತೆಯ ನೆಲವೆಲ್ಲ ಕೆಸರೆದ್ದಿತ್ತು. ಒದ್ದೆ ಉಣ್ಣೆ, ಬೆವರಿದ ಕುದುರೆಗಳ ಮೈ, ಸಗಣಿ ಬೆರಣಿಯ ಹೊಗೆ, ಕುದಿಯುವ ಕುರಿಕೊಬ್ಬು, ಎಲ್ಲದರ ವಾಸನೆ ಒಂದಾಗಿ ಗಂಟಲಿಗೆ ಅಂಟುತ್ತಿತ್ತು. ಆ ಗದ್ದಲದ ನಡುವೆ ಮುದುಕಿ ಬೂರುಲ್ ತನ್ನ ಬೂದು ಬಣ್ಣದ ಹೆಣ್ಣು ಕುದುರೆಯ ಹಗ್ಗ ಹಿಡಿದು ನಿಂತಿದ್ದಳು. ಕುದುರೆ ತುಂಬು ಗಬ್ಬವಾಗಿತ್ತು. ಅದರ ವಂಶದ ಮರಿಗಾಗಿ ಆ ಕಣಿವೆಯ ಶ್ರೀಮಂತರೆಲ್ಲ ಬಾಯಿ ಬಿಡುತ್ತಿದ್ದರು. ಎರ್ಮೆಕ್‌ಗೂ ಅದೇ ಬೇಕಿತ್ತು. ಅವನ ಹೆಂಡತಿ ನುರಿಪಾ ಚೊಚ್ಚಲ ಬಸುರಿ. ಹೆರಿಗೆಗೆಂದು ತವರಿಗೆ ಬಂದಿದ್ದವಳ ಜೊತೆ ಅವನೂ ಬಂದಿದ್ದ. ಮಗು ಹುಟ್ಟಿದಾಗ ಅದರ ಹೆಸರಿಗೊಂದು ಮರಿ ಬಿಡುವುದು ಇಲ್ಲಿನ ರೂಢಿ. ತನ್ನ ಮಗುವಿಗೆ ಊರಲ್ಲಿ ಯಾರಿಗೂ ಇಲ್ಲದ ಮರಿಯೇ ಆಗಬೇಕು ಎಂಬ ಹಟ ಅವನದು.

ಬೂರುಲ್ ಮೊದಲೇ ಆಗದೆಂದಿದ್ದಳು. "ಕುದುರೆ ನನ್ನದು. ಹೊಟ್ಟೆ ಅವಳದು. ಒಳಗಿರೋದು ದೇವರದು. ನಾನೇನಂತ ಮಾರಲಿ ಮಗಾ?"

ಎರ್ಮೆಕ್ ಅವಳ ಕಿವಿಯ ಹತ್ತಿರ ಬಗ್ಗಿದ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಅಪಾ, ನಿಮ್ಮ ಚಳಿಗಾಲದ ಹುಲ್ಲುಗಾವಲಿನ ಗುತ್ತಿಗೆಯಲ್ಲಿ ಒಂದು ಲೋಪ ಇದೆ. ನಾನು ಕಣ್ಣಾರೆ ನೋಡಿದೀನಿ. ಒಂದು ಅರ್ಜಿ ಹಾಕಿದ್ರೆ ಸಾಕು, ಬರೋ ಚಳಿಗೆ ನಿಮ್ಮ ಮಂದೆಗೆ ನಿಲ್ಲೋಕೆ ಜಾಗ ಇರಲ್ಲ. ನಾನು ಹಾಕಲ್ಲ ಬಿಡಿ. ನಾವು ನಾವು ಚೆನ್ನಾಗಿದ್ರೆ ಯಾಕೆ ಹಾಕ್ಲಿ?"

ಮುದುಕಿಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಇದೇ ಮಹಾಶಯ ತರಗತಿಯಲ್ಲಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಸುಮ್ಮನೆ ಅಂದಿಲ್ಲ ಹಿರಿಯರು.

ಆ ಸಂತೆಯಲ್ಲಿ ದಲ್ಲಾಳಿ ಇಬ್ಬರ ಕೈಯನ್ನೂ ಸೇರಿಸಿ ಕುಲುಕಿಸಿ, ಮಾರುವವರನ್ನು "ರಾಜಿನಾ?" ಎಂದು ಕೇಳಬೇಕು. ಅವರು ಬಾಯಿ ಬಿಟ್ಟು "ರಾಜಿ" ಎನ್ನಬೇಕು. ಆಗಲೇ ವ್ಯಾಪಾರ. ಶಾಮುರತ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ಎರ್ಮೆಕ್ ತಾನೇ ಮುದುಕಿಯ ಕೈ ಎಳೆದುಕೊಂಡು ಕುಲುಕಿದ. ಆ ಕೈ ಸತ್ತ ಹಕ್ಕಿಯ ಹಾಗೆ ತಣ್ಣಗಿತ್ತು. ಅವಳು ತುಟಿ ಬಿಚ್ಚಲಿಲ್ಲ.

"ರಾಜಿ ಅನ್ನಲಿಲ್ಲ ಅವರು," ಎಂದ ಶಾಮುರತ್.

"ಬೇಡ ಅಂತಲೂ ಅನ್ನಲಿಲ್ಲವಲ್ಲ!" ಎಂದು ಎರ್ಮೆಕ್ ಹಣದ ಕಟ್ಟನ್ನು ಅವಳ ಮಡಿಲಿಗೆ ಹಾಕಿದ.

ಇನ್ನೊಂದು ಶಾಸ್ತ್ರ ಬಾಕಿಯಿತ್ತು. ಮಾರಿದವರು ಮಾರಿದ ಪ್ರಾಣಿಯ ಬಾಯಿಯ ಜೊಲ್ಲನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಪ್ರಾಣಿ ಹೋದರೂ ಅದರ ಜೊತೆ ಮನೆಯ ಭಾಗ್ಯ ಹೋಗಬಾರದು ಎಂದು. ಬೂರುಲ್ ಕುದುರೆಯ ಉಬ್ಬಿದ ಹೊಟ್ಟೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರ್ಮೆಕ್‌ನ ಎದುರಿಗೆ ಬಂದಳು.

"ಮಾರಿದ್ದರ ಬಾಯಿ ನನ್ನ ಕೈಗೆ ಎಟುಕಲ್ಲ. ಕೊಂಡವನ ಬಾಯಿ ಎಟುಕುತ್ತೆ," ಎಂದವಳೇ ಸೆರಗಿನ ತುದಿಯಿಂದ ಅವನ ತುಟಿಗಳನ್ನು ಒತ್ತಿ ಒರೆಸಿದಳು. ಬಟ್ಟೆಯಲ್ಲಿ ಹೊಗೆಯ ವಾಸನೆಯಿತ್ತು. ಅದರಡಿಯಲ್ಲಿ ಎಳೆಗೂಸಿನ ನೆತ್ತಿಯ ಸಿಹಿ ವಾಸನೆ. ಅವಳು ಒದ್ದೆಯಾದ ತುದಿಯನ್ನು ಗಂಟು ಹಾಕಿ, ಕುದುರೆಯನ್ನು ಎಳೆದುಕೊಂಡು ಹೊರಟುಹೋದಳು. ಸುತ್ತಲಿದ್ದವರು ಎರ್ಮೆಕ್‌ನಿಂದ ದೂರ ಸರಿದರು.

"ಅಜ್ಜಿ ಮುದ್ದು ಮಾಡಿದ್ರಪ್ಪ," ಎಂದು ಅವನು ನಗಾಡಿದ.

ಅಂದು ಸಂಜೆಯೇ ಶುರುವಾಯಿತು. ನುರಿಪಾ ಚಹಾ ಸುರಿಯುತ್ತಿದ್ದವಳು ಬಟ್ಟಲು ಬಿಟ್ಟು ಹೊಟ್ಟೆ ಹಿಡಿದುಕೊಂಡಳು. "ಮಗು ಒದೀತಿದೆ... ಆದ್ರೆ ಇದು ದಿನದ ಒದೆತ ಅಲ್ಲ ಕಣೋ." ಎರ್ಮೆಕ್ ಕಿವಿಯಿಟ್ಟು ಕೇಳಿದ. ಟಪ್ ಟಪ್, ಟಪ್ ಟಪ್. ಹೆಪ್ಪುಗಟ್ಟಿದ ನೆಲದ ಮೇಲೆ ದೂರದಲ್ಲಿ ಏನೋ ಓಡುತ್ತಿರುವ ಹಾಗಿತ್ತು. ಅವನು ತಟ್ಟನೆ ತಲೆಯೆತ್ತಿದ. ಗ್ಯಾಸ್ ಇರಬೇಕು ಎಂದ.

ಮುಂದಿನ ವಾರಗಳಲ್ಲಿ ಹಾಸಿಗೆಯಿಂದ ಲಾಯದ ವಾಸನೆ ಏಳತೊಡಗಿತು. ಒಗೆದರೂ ಹೋಗದು. ನುರಿಪಾ ನಿದ್ದೆಯಲ್ಲಿ ಹಲ್ಲು ಮಸೆಯುತ್ತಿದ್ದಳು. ಎಚ್ಚರವಾದರೆ ಕಿಟಕಿಯ ಬಳಿ ನಿಂತು ಗುಡ್ಡ ನೋಡುತ್ತಿದ್ದಳು. ಜಿಲ್ಲಾ ಆಸ್ಪತ್ರೆಯ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸಿ, ಮತ್ತೆ ಮತ್ತೆ ಆಡಿಸಿ, "ಒಂದು ಕಡೆ ನಿಲ್ತಾನೇ ಇಲ್ಲ, ಚಿತ್ರ ಸಿಗ್ತಿಲ್ಲ," ಎಂದು ಬೆವರು ಒರೆಸಿಕೊಂಡರು.

ಎರ್ಮೆಕ್‌ನ ಅತ್ತೆ ಸಾಲ್ಕಿನ್ ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದವಳು. ಅವಳು ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಬೆಂಕಿ ಮುಟ್ಟಿದವಳ ಹಾಗೆ ಹಿಂದೆಗೆದಳು.

"ಯಾವ ಹೊಟ್ಟೆಗೆ ಕೈ ಹಾಕಿದ್ಯೋ ಪಾಪಿ?"

ಅವನು ಎಲ್ಲವನ್ನೂ ಒದರಿದ. ಅವಳು ತಲೆ ತಲೆ ಚಚ್ಚಿಕೊಂಡಳು. "ಹೋಗು, ಮುರಿದು ಬಾ! ಇಬ್ಬರು ಕಟ್ಟಿದ್ದನ್ನ ಇಬ್ಬರೇ ಬಿಚ್ಚಬೇಕು. ಮರಿ ಬೇಡ ಅನ್ನು, ಕಾಲು ಹಿಡಿ. ಅವಳು ಮನಸಾರೆ ರಾಜಿ ಅನ್ನೋವರೆಗೂ ಬರಬೇಡ. ಹೆರಿಗೆಗೆ ಮುಂಚೆ ಆಗಬೇಕು, ಕೇಳಿಸ್ತಾ?"

ಹೋಗಬಹುದಿತ್ತು. ಆದರೆ ಓದಿದವನು, ಮರ್ಯಾದೆ ಅಡ್ಡ ಬಂತು. ಇವತ್ತು ನಾಳೆ ಎಂದ. ನುರಿಪಾಗೆ ನೋವು ಕಾಣಿಸಿಕೊಂಡ ಮಧ್ಯಾಹ್ನ, ಅವಳ ಬಾಯಿಂದ ಕೆನೆತದಂಥದ್ದೊಂದು ದನಿ ಹೊರಟಾಗ, ಮರ್ಯಾದೆಯೆಲ್ಲ ಬಿಟ್ಟು ಕಾರು ಹತ್ತಿದ.

ಬೂರುಲ್‌ಳ ಮನೆಯೆದುರು ಶಾಮುರತ್ ಅವಳ ಒಲೆಗೆ ಸೌದೆ ಒಡೆಯುತ್ತಿದ್ದ. ಎರ್ಮೆಕ್‌ನನ್ನು ಕಂಡು ಕೊಡಲಿ ಕೆಳಗಿಟ್ಟು ಬಾಗಿಲ ಕಡೆಗೆ ಕೈ ತೋರಿಸಿದ. ಒಳಗೆ, ಒಲೆಯ ಪಕ್ಕದಲ್ಲಿ ಮುದುಕಿ ಗೋಡೆಗೊರಗಿ ಕೂತಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣುಗಳಲ್ಲಿ ಮಗುವಿನ ನಗೆ.

ಅವನು ಅವಳ ಪಾದ ಹಿಡಿದ. "ಅಪಾ, ತಪ್ಪಾಯ್ತು. ಹೆದರಿಸಿ ಮಾಡಿದ ಕರಾರು ಅದು, ಕರಾರೇ ಅಲ್ಲ. ಮರಿ ನಿಮ್ಮದೇ, ಹಣವೂ ಬೇಡ. ಮುರಿದುಬಿಡೋಣ. ರಾಜಿನಾ?"

"ರಾಜಿ," ಎಂದಳು ಬೂರುಲ್, ನಗುತ್ತಾ.

ಅವನಿಗೆ ಹೋದ ಜೀವ ಬಂದಂತಾಯಿತು. ಕಣ್ಣೀರು ಕಿತ್ತುಕೊಂಡು ಬಂತು. ಅಷ್ಟರಲ್ಲಿ ಒಲೆಯ ಮೇಲಿನ ಕೆಟಲಿ ಸಿಳ್ಳೆ ಹಾಕಿತು. ಮುದುಕಿ ಅದರ ಕಡೆ ತಿರುಗಿದಳು. "ರಾಜಿ," ಎಂದಳು. ಬೆಕ್ಕು ಬಂದು ಮೊಣಕಾಲಿಗೆ ಮೈ ಉಜ್ಜಿತು. "ರಾಜಿ, ರಾಜಿ."

"ಲಕ್ವಾ ಹೊಡೆದಾಗಿಂದ ಹೀಗೇ," ಎಂದ ಶಾಮುರತ್ ಬಾಗಿಲಲ್ಲಿ ನಿಂತು. "ಗಾಳಿಗೂ ರಾಜಿ, ಗೋಡೆಗೂ ರಾಜಿ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವರ ಒಪ್ಪಿಗೆ ನಡೆಯುತ್ತಾ ಮೇಷ್ಟ್ರೇ? ನಿಮ್ಮ ಪಾಠದಲ್ಲಿ ಏನಿದೆ?"

ನಡೆಯುವುದಿಲ್ಲ. ಆ ಪಾಠವನ್ನೂ ಅವನೇ ಹೇಳುತ್ತಿದ್ದ. ಅಂಥವರ ಮಾತಿನಿಂದ ಏನನ್ನೂ ಕಟ್ಟಲಾಗದು, ಏನನ್ನೂ ಬಿಚ್ಚಲಾಗದು. ಅವನು ಅವಳ ಸೆರಗು ಹುಡುಕಿದ. ಗಂಟು ಅಲ್ಲೇ ಇತ್ತು. ಇಷ್ಟು ವಾರಗಳಾದರೂ ಹಸಿಯಾಗಿತ್ತು. ಉಗುರಿನಿಂದ ಕಿತ್ತ. ಹಲ್ಲಿನಿಂದ ಎಳೆದ. ಒಸಡಿನಿಂದ ರಕ್ತ ಬಂತು. ಗಂಟು ಬಿಗಿಯಾಯಿತಷ್ಟೆ. ಮುದುಕಿ ಅವನ ತಲೆ ಸವರುತ್ತಾ ರಾಜಿ ರಾಜಿ ಎನ್ನುತ್ತಲೇ ಇದ್ದಳು.

ಲಾಯದಿಂದ ಕುದುರೆ ನರಳಿತು.

ಓಡಿದ. ಒಳಗೆ ಕಿಟಕಿಯಿಲ್ಲದ ಕಗ್ಗತ್ತಲು. ಬಿಸಿ ಹಬೆ. ರಕ್ತದ ವಾಸನೆ. ಕುದುರೆ ಮಲಗಿತ್ತು. ಹೊಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ಶಾಮುರತ್ ಲಾಂದ್ರ ಎತ್ತಿ ಹಿಡಿದ. ಮೊದಲು ಗೊರಸು. ಆಮೇಲೆ ಮೂತಿ. ಪೊರೆ ಹರಿಯಿತು. ಮರಿ ಜಾರಿ ಹುಲ್ಲಿಗೆ ಬಿತ್ತು.

ಗಂಡು ಮರಿ. ಅಂಗಾಂಗ ಎಲ್ಲವೂ ಸರಿಯಾಗಿತ್ತು. ಆದರೆ ಅದು ಏಳಲು ನೋಡಲಿಲ್ಲ. ನಾಲ್ಕೂ ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಮುದುಡಿತು. ಬಾಯಿ ತೆರೆಯಿತು.

ಅತ್ತಿತು. ಕೂಸಿನ ಅಳು. ಹಸಿದ, ಬೆದರಿದ, ಆಗತಾನೆ ಹುಟ್ಟಿದ ಕೂಸಿನ ಅಳು.

"ಯಾ ಅಲ್ಲಾ!" ಎಂದು ಶಾಮುರತ್ ಲಾಂದ್ರವನ್ನು ಅಲ್ಲೇ ಇಟ್ಟು ಓಡಿಹೋದ. ತಾಯಿಕುದುರೆ ಮರಿಯನ್ನು ನೆಕ್ಕಲಿಲ್ಲ, ಮೂಸಲಿಲ್ಲ. ತೆರೆದ ಬಾಗಿಲಿನಾಚೆ ಊರಿನ ಕಡೆಗೆ ಕಿವಿ ನಿಮಿರಿಸಿ ಕರೆಯತೊಡಗಿತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನುರಿಪಾ. ಅವಳ ದನಿಯಲ್ಲಿ ಶಕ್ತಿಯೇ ಇರಲಿಲ್ಲ.

"ಗಂಡು ಮಗು ಕಣೋ. ಮೈಕೈ ತುಂಬಿಕೊಂಡಿದಾನೆ. ಆದ್ರೆ ಅಳಲೇ ಇಲ್ಲ. ಕಣ್ಣು ಬಿಟ್ಕೊಂಡು ಬಾಗಿಲ ಕಡೆಗೇ ನೋಡ್ತಾನೆ. ಎದೆಗೆ ಹಚ್ಚಿದ್ರೆ ಮುಖ ತಿರುಗಿಸ್ತಾನೆ. ಕಾಲೂರಿ ನಿಲ್ಲೋಕೆ ಒದ್ದಾಡ್ತಿದಾನೆ, ಅಮ್ಮ ಹೆದರಿ ಹೊರಗೆ ಹೋಗಿಬಿಟ್ಲು. ಎಲ್ಲಿದೀಯಾ ನೀನು? ಅದೇನು ಅಳು ಅಲ್ಲಿ?"

ಎರ್ಮೆಕ್ ಹುಲ್ಲಿನ ಮೇಲೆ ಕೂತಿದ್ದ. ಅವನು ಕೊಂಡ ಮಾಲು ಅವನ ಮಡಿಲಲ್ಲಿತ್ತು. ತೊಯ್ದು, ನಡುಗುತ್ತಾ, ಅವನ ಅಂಗಿಯ ಗುಂಡಿಯನ್ನು ಚೀಪಲು ಹುಡುಕುತ್ತಿತ್ತು. ಅವನು ಫೋನನ್ನು ಎದೆಗೆ ಒತ್ತಿಕೊಂಡ. ಬಗ್ಗಿ, ಆ ಉದ್ದನೆಯ ಒದ್ದೆ ಕಿವಿಗೆ ತುಟಿ ತಾಗಿಸಿ, "ಅಕ್‌ಜೋಲ್," ಎಂದ. ಗಂಡ ಹೆಂಡತಿ ಇಬ್ಬರೂ ಸೇರಿ ಆರಿಸಿಟ್ಟಿದ್ದ ಹೆಸರು ಅದು. ಅಳು ಗಕ್ಕನೆ ನಿಂತಿತು. ಕಪ್ಪು ಕಣ್ಣೊಂದು ಅವನನ್ನೇ ನೋಡಿತು.

"ಕೇಳಿಸ್ತಿದ್ಯಾ?" ಎನ್ನುತ್ತಿದ್ದಳು ನುರಿಪಾ. "ಬೇಗ ಬಾ ಮಾರಾಯ. ಮಗನ ಕಿವೀಲಿ ಹೆಸರು ಹೇಳೋದು ತಂದೇನೇ ಅಲ್ವಾ?"

"ಹೇಳಿಯಾಯ್ತು, ನುರಿಪಾ," ಎಂದ ಎರ್ಮೆಕ್.